ದಿನಕ್ಕೊಂದು ಉಡುಗೆ ತೊಡುವ ಪರದೆ

ಹಸಿರು ಗುಡ್ಡ, ನೀಲಿ ಆಕಾಶ, ಹಿಂಜಿದ ಹತ್ತಿಯಂಥ ನಾಲ್ಕಾರು ಮೋಡ. ಕಂಪ್ಯೂಟರಿನ ಮುಂದೆ ಕೂತು ಅಭ್ಯಾಸವಿದ್ದವರಿಗೆ ಈ ಚಿತ್ರದ ಪರಿಚಯ ಹೇಳಬೇಕಿಲ್ಲ. ಚಾರ್ಲ್ಸ್ ಓರಿಯರ್ ಎಂಬ ಛಾಯಾಗ್ರಾಹಕ 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಪ್ರಾಂತದ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ತೆಗೆದದ್ದು ಅದು. ಆ ಗುಡ್ಡ ದ್ರಾಕ್ಷಿ ತೋಟ. ಬೇರಿಗೆ ಫಿಲಾಕ್ಸೆರಾ ಕೀಟ ಬಿದ್ದು ಬಳ್ಳಿಗಳನ್ನು ಕಿತ್ತುಹಾಕಿದ್ದರಿಂದ ಹುಲ್ಲು ಹಬ್ಬಿತ್ತು. ರೈತನ ನಷ್ಟವೇ 2001ರಲ್ಲಿ 'ಬ್ಲಿಸ್' ಎಂಬ ಹೆಸರು ಹೊತ್ತು ವಿಂಡೋಸ್ ಎಕ್ಸ್‌ಪಿಯ ಪರದೆಗೆ ಅಲಂಕಾರವಾಯಿತು!

ಎಷ್ಟೇ ಚೆಂದವಾದರೂ ಒಂದೇ ಗುಡ್ಡವನ್ನು ವರ್ಷಗಟ್ಟಲೆ ನೋಡುವುದು ಹೇಗೆ? ತಿಂಗಳಾಗುವಷ್ಟರಲ್ಲಿ ಅದು ಕಣ್ಣಿಗೆ ಬೀಳುವುದೇ ನಿಲ್ಲುತ್ತದೆ. ಚಿತ್ರವನ್ನು ತಾನಾಗಿ ಬದಲಿಸುವ ಏರ್ಪಾಡು ಎಕ್ಸ್‌ಪಿಯ ಸೆಟ್ಟಿಂಗಿನಲ್ಲಿ ಇರಲಿಲ್ಲ. ಆ ಕೊರತೆ ತುಂಬಲು ಹುಟ್ಟಿಕೊಂಡ ಪುಟ್ಟ ತಂತ್ರಾಂಶಗಳು ಒಂದೆರಡಲ್ಲ.

ಅವುಗಳ ಕೆಲಸ ನಿಜಕ್ಕೂ ಅಲ್ಪ. ಚಿತ್ರ ಬಿಡಿಸುವ ಹೊಣೆ ವಿಂಡೋಸಿನದೇ. ತಂತ್ರಾಂಶ ಒಂದು ಫೋಲ್ಡರಿನಿಂದ ಚಿತ್ರ ಆರಿಸಿ, 'ಇದನ್ನು ಹಾಕು' ಎಂದು ಆಜ್ಞೆ ಕೊಟ್ಟು, ಮುಂದಿನ ಸರದಿಯವರೆಗೆ ಮಲಗಿದರಾಯಿತು. ಹಾಗಿದ್ದೂ ಕೆಲವು ತಂತ್ರಾಂಶಗಳು ಹಳೆಯ ಕಂಪ್ಯೂಟರನ್ನು ತೆವಳುವಂತೆ ಮಾಡುವುದೇಕೆ?

ಉತ್ತರ ಲೆಕ್ಕದಲ್ಲಿದೆ. ಡಿಸ್ಕಿನಲ್ಲಿ ಮಡಚಿಟ್ಟಂತೆ ಸಣ್ಣದಾಗಿರುವ ಜೆಪೆಗ್ ಚಿತ್ರ ಮೆಮೊರಿಗೆ ಬಂದಾಗ ಪೂರ್ತಿ ಬಿಚ್ಚಿಕೊಳ್ಳುತ್ತದೆ. 1920 ಅಡ್ಡ, 1080 ಉದ್ದದ ಪರದೆಗೆ ಬಿಂದುವೊಂದಕ್ಕೆ 4 ಬೈಟಿನಂತೆ ಸುಮಾರು 83 ಲಕ್ಷ ಬೈಟ್ ಬೇಕು. ಅದೇ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ ಆದರೆ ಒಂಬತ್ತೂವರೆ ಕೋಟಿ ದಾಟುತ್ತದೆ. ಒಳ್ಳೆಯ ತಂತ್ರಾಂಶ ಕೆಲಸ ಮುಗಿದೊಡನೆ ಆ ಜಾಗ ಬಿಟ್ಟುಕೊಡುತ್ತದೆ. ಸೋಮಾರಿ ತಂತ್ರಾಂಶ ಅಲ್ಲೇ ಠಿಕಾಣಿ ಹೂಡುತ್ತದೆ. ಫೋಟೊಗಳನ್ನು ಒಮ್ಮೆ ಪರದೆಯ ಅಳತೆಗೆ ಕುಗ್ಗಿಸಿಟ್ಟುಕೊಂಡರೆ ಅರ್ಧ ತೊಂದರೆ ಅಲ್ಲಿಗೇ ತೀರುತ್ತದೆ.

ಹಗುರತನದಲ್ಲಿ ಲಿನಕ್ಸ್ ಬಳಕೆದಾರರ 'ಫೆಹ್' ಅನ್ನು ಮೀರಿಸುವುದು ಕಷ್ಟ. ಅದೊಂದು ಚಿತ್ರ ತೋರಿಸುವ ಪುಟ್ಟ ಸಾಧನ. ಅದನ್ನು ಹೊತ್ತುಹೊತ್ತಿಗೆ ಎಬ್ಬಿಸಲು 'ಕ್ರಾನ್' ಇದೆ. 1979ರ ಯೂನಿಕ್ಸ್ ಏಳನೇ ಆವೃತ್ತಿಯಲ್ಲೇ ಇದ್ದ ಹಳೆಯ ಆಳು ಅದು. ಗಂಟೆಗೊಮ್ಮೆ ಕ್ರಾನ್ ಕರೆಯುತ್ತದೆ, ಫೆಹ್ ಚಿತ್ರ ಅಂಟಿಸಿ ಹೊರಟುಹೋಗುತ್ತದೆ. ನಡುವಿನ ಹೊತ್ತಿನಲ್ಲಿ ಮೆಮೊರಿಯಲ್ಲಿ ಫೆಹ್‌ನ ಸುಳಿವೇ ಇಲ್ಲ! ಯಾವ ಪರದೆ ಎಂಬುದನ್ನು ಮಾತ್ರ ಕ್ರಾನ್‌ಗೆ ಬಿಡಿಸಿ ಹೇಳಬೇಕು. ಮೊದಲ ಸಲ ಪ್ರಯತ್ನಿಸುವವರು ಎಡವುವುದು ಇಲ್ಲೇ. ಗ್ನೋಮ್‌ನಂಥ ದೊಡ್ಡ ಸಂಸಾರದ ಪರದೆಗಳಲ್ಲಿ ಈ ಉಪಾಯ ನಡೆಯದು, ಅಲ್ಲಿ ಅದರದೇ ಸೆಟ್ಟಿಂಗ್ ಬದಲಿಸಬೇಕು.

ಮನೆಯಲ್ಲೇ ಇರುವುದನ್ನು ಊರೆಲ್ಲ ಹುಡುಕುವವರೂ ಉಂಟು. 2009ರ ವಿಂಡೋಸ್ 7ರಿಂದ ಈಚೆಗೆ ಈ ಸೌಲಭ್ಯ ವಿಂಡೋಸಿನಲ್ಲೇ ಸೇರಿದೆ. ಫೋಲ್ಡರ್ ತೋರಿಸಿ, ಎಷ್ಟು ಹೊತ್ತಿಗೊಮ್ಮೆ ಎಂದು ಹೇಳಿದರೆ ಸಾಕು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುವಾಗ ಬದಲಾವಣೆ ನಿಲ್ಲಿಸುವ ಆಯ್ಕೆಯೂ ಇದೆ. ಹೊರಗಿನ ತಂತ್ರಾಂಶ ಬೇಕಾಗುವುದು ಹಗಲಿಗೊಂದು ಇರುಳಿಗೊಂದು ಚಿತ್ರ ಬಯಸುವವರಿಗೆ.

ಎಚ್ಚರ ಬೇಕಾದುದೂ ಅವರಿಗೇ. 'ಉಚಿತ' ಎಂದು ಬಂದು, ಬ್ರೌಸರಿನ ಮೊದಲ ಪುಟ ಬದಲಿಸಿ ಜಾಹೀರಾತು ತುರುಕುವ ತಂತ್ರಾಂಶಗಳಿವೆ. ನಿಮ್ಮದೇ ಫೋಲ್ಡರಿನ ಚಿತ್ರ ತೋರಿಸುವವನಿಗೆ ಅಂತರ್ಜಾಲದ ಗೊಡವೆ ಏಕೆ ಎಂದು ಕೇಳಲೇಬೇಕು. ಬರೀ ಚಿತ್ರವೂ ಕಾಟ ಕೊಟ್ಟದ್ದುಂಟು. 2020ರಲ್ಲಿ ಅಮೆರಿಕದ ಮೊಂಟಾನಾದ ಸರೋವರವೊಂದರ ಸೂರ್ಯಾಸ್ತದ ಫೋಟೊವನ್ನು ವಾಲ್‌ಪೇಪರ್ ಮಾಡಿಕೊಂಡ ಕೆಲವು ಆಂಡ್ರಾಯ್ಡ್ 10 ಫೋನುಗಳು ಆರುವುದು, ಹೊತ್ತುವುದು, ಮತ್ತೆ ಆರುವುದು ಶುರುವಾಯಿತು. ಚಿತ್ರದಲ್ಲಿ ವೈರಸ್ ಇರಲಿಲ್ಲ. ಅದರ ಬಣ್ಣದ ವ್ಯಾಪ್ತಿ ಮಾಮೂಲಿಗಿಂತ ದೊಡ್ಡದು. ಬೆಳಕಿನ ಪ್ರಮಾಣ ಲೆಕ್ಕ ಹಾಕುವಾಗ ಉತ್ತರ 255ರ ಗಡಿ ದಾಟಿತು, ತಂತ್ರಾಂಶ ಮುಗ್ಗರಿಸಿತು. ಫೋನು ಮತ್ತೆ ಎದ್ದರೆ ಮತ್ತದೇ ಚಿತ್ರ!

ಆರಿಸಿಕೊಂಡ ತಂತ್ರಾಂಶ ಹಗುರವೋ ಅಲ್ಲವೋ ತಿಳಿಯುವುದು ಸುಲಭ. ಚಿತ್ರ ಬದಲಾಗಿ ಐದು ನಿಮಿಷ ಬಿಟ್ಟು ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಮಲಗಿರಬೇಕಾದವನು ಆಗಲೂ ನೂರಾರು ಮೆಗಾಬೈಟ್ ಹಿಡಿದು ಕೂತಿದ್ದರೆ ಮನೆಗೆ ಕಳಿಸಬಹುದು. ವಿಂಡೋಸಿನದೇ ಏರ್ಪಾಡು ಬಳಸುವವರಿಗೆ ಇನ್ನೊಂದು ಅನುಕೂಲವಿದೆ: ಬಂದ ಚಿತ್ರ ಹಿಡಿಸದಿದ್ದರೆ ಪರದೆಯ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ ನೋಡಿ, ಮುಂದಿನ ಚಿತ್ರಕ್ಕೆ ದಾಟುವ ಆಯ್ಕೆ ಅಲ್ಲೇ ಇರುತ್ತದೆ.