ಅಮ್ಮ ಅಮೆರಿಕದಿಂದ ಬಂದಳು, ಅಡುಗೆಮನೆ ಒಪ್ಪಿಸಬೇಡಿ!

ಅಕ್ಕನ ಬಾಣಂತನಕ್ಕೆ ಅಂತ ಕ್ಯಾಲಿಫೋರ್ನಿಯಾಗೆ ಹೋಗಿದ್ದ ಅಮ್ಮ ಆರು ತಿಂಗಳ ನಂತರ ವಾಪಸ್ ಬಂದಳು. ಬೆಳಗಿನ ಜಾವ ದೇವನಹಳ್ಳಿ ಏರ್‌ಪೋರ್ಟ್‌ನಲ್ಲಿ ನಾನು, ಅಪ್ಪ ಕಾಯ್ತಾ ನಿಂತಿದ್ದೆವು. ಕಾರಲ್ಲಿ ಕೂತ ತಕ್ಷಣ ಅಪ್ಪ ಹೇಳಿದ ಮೊದಲ ಮಾತು, ‘ಸದ್ಯ, ಇನ್ನು ಹೋಟೆಲ್ ಊಟ ತಪ್ಪಿತು.’ ನಾನು ನಕ್ಕೆ. ಅಮ್ಮ ಕಿಟಕಿ ಕಡೆ ತಿರುಗಿದಳು.

ಅವತ್ತು ಸಂಜೆಯೇ ನೆಂಟರು, ಪಕ್ಕದ ಮನೆಯವರು ಬಂದರು. ಚಾಕೊಲೆಟ್ ಹಂಚಿದವಳೂ ಅಮ್ಮನೇ, ಕಾಫಿ ಮಾಡಿದವಳೂ ಅಮ್ಮನೇ. ಮರುದಿನ ಬೆಳಗ್ಗೆ ‘ಅಮ್ಮಾ, ಡಬ್ಬಿಗೆ ಏನು?’ ಅಂತ ಕೇಳಿದವನು ನಾನು.

ಮೂರನೇ ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ, ಅಮ್ಮ ಕತ್ತಲಲ್ಲಿ ಕೂತು ಮೊಬೈಲ್‌ನಲ್ಲಿ ಮಗುವಿನ ಫೋಟೋ ನೋಡುತ್ತಿದ್ದಳು. ‘ಈಗ ಅಲ್ಲಿ ಮಧ್ಯಾಹ್ನ ಕಣೋ. ನೀರು ಹಾಕಿ ಮಲಗಿಸೋ ಹೊತ್ತು. ನನ್ನ ಹುಡುಕ್ತಾ ಇರುತ್ತೇನೋ’ ಅಂದಳು. ನಮಗೆ ಅವಳು ಬಂದ ಖುಷಿ. ಅವಳಿಗೆ ಮಗುವನ್ನು ಬಿಟ್ಟು ಬಂದ ಸಂಕಟ. ಅದನ್ನು ನಾವ್ಯಾರೂ ಕೇಳಿರಲೇ ಇಲ್ಲ.

ನಿಮ್ಮ ಮನೆಗೂ ಹೀಗೆ ಯಾರಾದರೂ ಬರುವವರಿದ್ದರೆ, ನಾವು ತಡವಾಗಿ ಕಲಿತದ್ದು ಇಷ್ಟು:

ನಿದ್ದೆಗೆ ಸಮಯ ಕೊಡಿ: ಕ್ಯಾಲಿಫೋರ್ನಿಯಾಗೂ ನಮಗೂ ಬೇಸಿಗೆಯಲ್ಲಿ 12.5 ಗಂಟೆ, ಚಳಿಗಾಲದಲ್ಲಿ 13.5 ಗಂಟೆ ವ್ಯತ್ಯಾಸ. ಅಂದರೆ ಹಗಲು ರಾತ್ರಿ ಪೂರ್ತಿ ಅದಲು ಬದಲು. ದೇಹ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದೆ. ಹಗಲು ಹೊರಗೆ ಬೆಳಕಿನಲ್ಲಿ ಜೊತೆಗೆ ಓಡಾಡಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಸಾಕು.

ಆರೋಗ್ಯ ಗಮನಿಸಿ: ಬಿಪಿ, ಶುಗರ್ ಮಾತ್ರೆಗಳ ಹೊತ್ತು ಬದಲಿಸುವುದನ್ನು ಡಾಕ್ಟರ್ ಹತ್ತಿರ ಮೊದಲೇ ಕೇಳಿಡಿ. ಇಷ್ಟುದ್ದ ಕೂತು ಬಂದಾಗ ಎರಡೂ ಪಾದ ಸ್ವಲ್ಪ ಊದುವುದು ಸಾಮಾನ್ಯ. ಆದರೆ ಒಂದೇ ಕಾಲು ಊದಿ ನೋವಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಅಡುಗೆ ನೀವೇ ಮಾಡಿ: ಬಂದ ದಿನ ಬಿಸಿ ಅನ್ನ, ತಿಳಿಸಾರು, ಮೊಸರು ಇದ್ದರೆ ಅದೇ ಹಬ್ಬ. ನೆಂಟರ ಊಟ ಮುಂದಿನ ವಾರಕ್ಕಿರಲಿ.

ಅಲ್ಲಿನ ಸುದ್ದಿ ಕೇಳಿ: ‘ಏನು ತಂದೆ?’ ಅನ್ನುವ ಮೊದಲು ‘ಮಗು ಏನೇನು ಕಲಿತಿದೆ?’ ಅನ್ನಿ. ವಿಡಿಯೋ ಕಾಲ್‌ಗೆ ದಿನಕ್ಕೊಂದು ಹೊತ್ತು ಗೊತ್ತು ಮಾಡಿ.

ನಾಲ್ಕನೇ ದಿನ ಅಪ್ಪನೇ ಸಾರು ಮಾಡಿದ. ಅಮ್ಮ ‘ಉಪ್ಪು ಜಾಸ್ತಿ ಆಯ್ತು ಕಣ್ರೀ’ ಅಂದಳು. ಆಮೇಲೆ ಇನ್ನೊಂದು ಸೌಟು ಹಾಕಿಸಿಕೊಂಡು, ಮಗು ಮೊದಲ ಸಲ ಮಗ್ಗುಲಾದ ಕಥೆ ಶುರು ಮಾಡಿದಳು. ಕೈ ಒಣಗುವ ತನಕ ನಾವಿಬ್ಬರೂ ಕೇಳುತ್ತಾ ಕೂತೆವು.