ಕೆಸರಿನಲ್ಲಿ ಕಾದಿರುವ ವೈರಿ

ವಯನಾಡಿನಲ್ಲಿ ಗದ್ದೆ, ಅಡಕೆ ತೋಟಗಳ ಬದಿಯ ಹೊಂಡಗಳಲ್ಲಿ ಕಾಟ್ಲಾ, ರೋಹು ಮೀನುಗಳನ್ನು ಸಾಕುವ ಕುಟುಂಬಗಳಿವೆ. ಮೀನುಗಳ ಮೈಮೇಲೆ ಕೆಂಪು ಹುಣ್ಣು, ಹೊಟ್ಟೆಯುಬ್ಬರ ಕಾಣಿಸಿಕೊಂಡು ಅವು ಸಾಯತೊಡಗಿದರೆ, ರೋಗವು ಮಳೆನೀರಿನೊಡನೆ ಬಂದಿತೆನ್ನುವುದುಂಟು. ಆದರೆ ಇಂಥ ರೋಗಗಳನ್ನು ತರುವ ಏರೋಮೋನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯವು ಹೊರಗಿನಿಂದಲೇ ಬರಬೇಕೆಂದಿಲ್ಲ. ಸಿಹಿನೀರೂ ಕೆಸರೂ ಅದರ ಸಹಜ ವಾಸಸ್ಥಾನಗಳು.

ಆಹಾರ ವಿರಳವಾದಾಗ ಈ ಜೀವಾಣುಗಳು ಕಲ್ಲು, ಕಸಕಡ್ಡಿಗಳಿಗೆ ಅಂಟಿಕೊಂಡು ತಮ್ಮ ಸುತ್ತ ಲೋಳೆಯ ಪದರವನ್ನು ಕಟ್ಟಿಕೊಳ್ಳಬಲ್ಲವು. ಆ ಕವಚದೊಳಕ್ಕೆ ಔಷಧಿ ಸುಲಭವಾಗಿ ಇಳಿಯದು. ಇತ್ತ ಮೀನುಗಳ ದಟ್ಟಣೆ ಹೆಚ್ಚಿ, ಉಳಿದ ಆಹಾರ ಕೊಳೆತು, ನೀರಿನ ಆಮ್ಲಜನಕ ಕುಗ್ಗಿದಾಗ ಮೀನಿನ ರೋಗನಿರೋಧಕ ಶಕ್ತಿಯೂ ಕುಗ್ಗುತ್ತದೆ. ಆಗ ಗಾಯ, ಕಿವಿರು, ಕರುಳುಗಳ ಮೂಲಕ ಒಳಹೊಕ್ಕ ಜೀವಾಣುವು ವಿಷವನ್ನು ಸ್ರವಿಸಿ ರಕ್ತಕಣಗಳನ್ನು ನಾಶಮಾಡುತ್ತದೆ.

ವೈರಿಯ ಕವಚವನ್ನೇ ಆಯುಧವಾಗಿಸಿಕೊಂಡವರು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು. 1990ರ ದಶಕದಲ್ಲಿ ಡಾ. ಕೆ. ಎಂ. ಶಂಕರ್ ಮತ್ತು ಸಂಗಡಿಗರು, ಲೋಳೆಪದರದಲ್ಲಿ ಬೆಳೆಸಿದ ಈ ಜೀವಾಣುಗಳನ್ನು ಕೊಂದು ಮೀನಿನ ಆಹಾರದಲ್ಲಿ ಬೆರೆಸಿದರು. ಕವಚದ ದೆಸೆಯಿಂದ ಆ ಲಸಿಕೆಯು ಬೇಗನೆ ಜೀರ್ಣವಾಗದೆ ಉಳಿದು, ಮೀನುಗಳಿಗೆ ರಕ್ಷಣೆಯನ್ನು ನೀಡಿತು.

ಲಸಿಕೆಯಿಲ್ಲದಿದ್ದರೂ ನಮ್ಮ ಕೈಯಲ್ಲಿರುವ ಕಾರ್ಯಗಳು ಹಲವು. ಬೇಸಗೆಯಲ್ಲಿ ಹೊಂಡದ ಕೆಸರನ್ನು ತೆಗೆದು, ತಳವನ್ನು ಒಣಗಿಸಿ ಸುಣ್ಣ ಹಾಕಬೇಕು. ಮರಿಗಳನ್ನು ಮಿತವಾಗಿ ಬಿಡಬೇಕು. ತಿಂದು ಮುಗಿಸುವಷ್ಟೇ ಆಹಾರವನ್ನು ನೀಡಬೇಕು. ಮನಬಂದಂತೆ ಪ್ರತಿಜೀವಕ ಔಷಧಿಯನ್ನು ಸುರಿದರೆ, ಅದಕ್ಕೆ ಮಣಿಯದ ಜೀವಾಣುಗಳೇ ಉಳಿದು ಬೆಳೆದಾವು. ಅವು ಮೀನಿಗೆ ಮಾತ್ರವಲ್ಲ, ಮನುಷ್ಯನಿಗೂ ಕೇಡು. ವೈರಿಯನ್ನು ನಿರ್ಮೂಲಗೊಳಿಸುವುದು ಅಸಾಧ್ಯ. ಮೀನನ್ನು ಸುಖವಾಗಿಡುವುದು ಸಾಧ್ಯ.