ತಾಳೆಯಾದರೆ ಸಾಧಿಸಿದಂತಲ್ಲ

ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ‘ಎಂದು ಸಾಧಿಸಿ’ ಎಂದು ಮುಗಿಯುವ ತ್ರಿಕೋನಮಿತಿಯ ಪ್ರಶ್ನೆ ಕಂಡರೆ ಎದೆ ಝಲ್ಲೆನ್ನುವ ಮಕ್ಕಳು ಅನೇಕ. ಸೈನ್‌ನ ವರ್ಗಕ್ಕೆ ಕೊಸೈನ್‌ನ ವರ್ಗ ಕೂಡಿಸಿದರೆ 1 ಬರುತ್ತದೆ. ಹೀಗೆ ಯಾವ ಕೋನಕ್ಕೂ ತಪ್ಪದ ಸಮತೆಗೆ ನಿತ್ಯಸಮೀಕರಣ ಎಂದು ಹೆಸರು. ಇದನ್ನು ಸಾಧಿಸಲು ಇಷ್ಟು ಪಾಡೇಕೆ, 30 ಡಿಗ್ರಿ, 90 ಡಿಗ್ರಿ ಹಾಕಿ ಎರಡೂ ಬದಿ ತಾಳೆ ನೋಡಿದರೆ ಸಾಲದೇ?

ಸಾಲದು. ಇದಕ್ಕೊಂದು ಸೊಗಸಾದ ಹಳೆಯ ಉದಾಹರಣೆಯಿದೆ.

ಗ್ರಹಗತಿಯ ಲೆಕ್ಕಕ್ಕೆ ಸೈನ್, ಅಂದರೆ ನಮ್ಮ ಹಿಂದಿನವರ ‘ಜ್ಯಾ’, ಬೇಕೇ ಬೇಕು. ಆರ್ಯಭಟ ಅದರ ಕೋಷ್ಟಕ ಕೊಟ್ಟಿದ್ದ. ಕೋಷ್ಟಕವಿಲ್ಲದೆಯೇ ಲೆಕ್ಕ ಹಾಕುವ ಸೂತ್ರ ಏಳನೇ ಶತಮಾನದ ಭಾಸ್ಕರನ ‘ಮಹಾಭಾಸ್ಕರೀಯ’ದಲ್ಲಿದೆ. (‘ಲೀಲಾವತಿ’ಯ ಭಾಸ್ಕರಾಚಾರ್ಯ ಬೇರೆ, ಆತ ಹುಟ್ಟಿದ್ದು 1114ರಲ್ಲಿ.) ಇಂದಿನ ಅಳತೆಯಲ್ಲಿ ಅದು ಹೀಗೆ: ಕೋನವನ್ನು 180ರಿಂದ ಕಳೆದು, ಉಳಿದದ್ದನ್ನು ಅದೇ ಕೋನದಿಂದ ಗುಣಿಸಿ. ಈ ಗುಣಲಬ್ಧವನ್ನು 40,500ರಿಂದ ಕಳೆಯಿರಿ. ಬಂದ ಸಂಖ್ಯೆಯಿಂದ ಗುಣಲಬ್ಧದ ನಾಲ್ಕರಷ್ಟನ್ನು ಭಾಗಿಸಿ.

30 ಡಿಗ್ರಿಗೆ 18,000ವನ್ನು 36,000ದಿಂದ ಭಾಗಿಸಿದಂತಾಯಿತು. ಉತ್ತರ ಸರಿಯಾಗಿ ಅರ್ಧ. 90ಕ್ಕೆ ಸರಿಯಾಗಿ 1. ಸೊನ್ನೆ, 150, 180 ಡಿಗ್ರಿಗಳಲ್ಲೂ ಕೂದಲೆಳೆಯ ವ್ಯತ್ಯಾಸವಿಲ್ಲ. ಐದು ಕಡೆ ತಾಳೆಯಾದ ಮೇಲೆ ಯಾರಾದರೂ ನಂಬಿಬಿಡುತ್ತಾರೆ. ಆದರೆ 45 ಡಿಗ್ರಿಗೆ ಸೂತ್ರ ಕೊಡುವುದು 0.7059, ನಿಜವಾದ ಸೈನ್ 0.7071. ಪಂಚಾಂಗದ ಕೆಲಸಕ್ಕೆ ಒದಗುವ ಅದ್ಭುತ ಅಂದಾಜು ಇದು, ನಿತ್ಯಸಮೀಕರಣ ಮಾತ್ರ ಅಲ್ಲ.

ಸಾಧನೆಯ ದಾರಿಯೇ ಬೇರೆ. ಲಂಬಕೋನ ತ್ರಿಭುಜದಲ್ಲಿ ಎರಡು ಬಾಹುಗಳ ವರ್ಗಗಳ ಮೊತ್ತ ವಿಕರ್ಣದ ವರ್ಗಕ್ಕೆ ಸಮ. ಎಲ್ಲವನ್ನೂ ವಿಕರ್ಣದ ವರ್ಗದಿಂದ ಭಾಗಿಸಿದರೆ ಮೊದಲು ಹೇಳಿದ ಸಮತೆ ಸಿಕ್ಕಿತು. ಇಲ್ಲಿ ಯಾವ ಡಿಗ್ರಿಯ ಹೆಸರೂ ಬಂದಿಲ್ಲ, ಆದ್ದರಿಂದ ತ್ರಿಭುಜದೊಳಗಿನ ಯಾವ ಲಘುಕೋನಕ್ಕೂ ಇದು ಸಲ್ಲುತ್ತದೆ. ಉಳಿದ ಕೋನಗಳಿಗೆ ವೃತ್ತ ಎಳೆದು ಇದೇ ವಾದ ಹೂಡಬಹುದು.

ಸಾಧಿಸಬೇಕಾದುದನ್ನೇ ನಿಜವೆಂದು ಹಿಡಿದು ಎರಡೂ ಬದಿಯನ್ನು ವರ್ಗ ಮಾಡುವ ಅಡ್ಡದಾರಿ ಪರೀಕ್ಷೆಯಲ್ಲಿ ಸಾಮಾನ್ಯ. 1 ಮತ್ತು –1 ಸಮವೆಂದು ಹಿಡಿದು ವರ್ಗ ಮಾಡಿದರೂ ಕೊನೆಗೆ 1 = 1 ಎಂದೇ ಬರುತ್ತದೆ! ಎಡಬದಿಯಿಂದ ಹೊರಟು ಒಂದೊಂದೇ ಹೆಜ್ಜೆಗೆ ಕಾರಣ ಕೊಟ್ಟು ಬಲಬದಿ ಮುಟ್ಟಿ ಎಂದು ಮೇಷ್ಟರು ಹೇಳುವುದು ಇದಕ್ಕೇ.

ನಮ್ಮವರು ಸೂತ್ರ ಹೇಳಿದರೇ ಹೊರತು ಕಾರಣ ಕೊಡಲಿಲ್ಲ ಎಂಬ ಮಾತೂ ಉಂಟು. ಕೇರಳದ ಜ್ಯೇಷ್ಠದೇವ 1530ರ ಸುಮಾರಿಗೆ ಬರೆದ ‘ಯುಕ್ತಿಭಾಷಾ’ದಲ್ಲಿ ಜ್ಯಾ ಸೂತ್ರಗಳ ಸಾಧನೆಗಳು ಹೆಜ್ಜೆಹೆಜ್ಜೆಯಾಗಿ ಬಂದಿವೆ, ಅದೂ ಸಂಸ್ಕೃತ ಶ್ಲೋಕದಲ್ಲಲ್ಲ, ಮಲಯಾಳಂ ಗದ್ಯದಲ್ಲಿ.